ಇಪ್ಪತ್ತೇಳನೇ ಗಿಡ

ಒಂಬತ್ತನೇ ಕಂತು: ಮೇಣದ ಹನಿ

"ಬೀಜ ಹಾಕಿ ಎಬ್ಬಿಸಿದ ಸಸಿ ಅಂದ್ರಲ್ಲ ಸುಭಾಷ್?" ಎನ್ನುತ್ತ ಗಾಳೆಪ್ಪ ಕರಿ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದ.

ಮಣ್ಣಿನ ಹೆಂಟೆ ಬಕೆಟ್ಟಿನೊಳಕ್ಕೆ ಬಿತ್ತು. ಗಿಡವನ್ನು ಬುಡದಲ್ಲಿ ಹಿಡಿದು ನೀರಿನಲ್ಲಿ ಎರಡು ಸಲ ಅಲುಗಿಸಿದ. ನೀರು ಕೆಂಪಾಯಿತು. ಕೈಯಲ್ಲಿ ಉಳಿದದ್ದು ಗೇಣುದ್ದದ ಗಿಡ. ಮೇಲೆ ಅಂಗೈಯಗಲದ ಆರೇಳು ಎಲೆ, ಕೆಳಗೆ ಬಿಳಿ ಬೇರಿನ ಜೊಂಪೆ.

ಸಿರುಗುಪ್ಪದ ಆ ನರ್ಸರಿಯ ಮಾಲೀಕ ಸುಭಾಷ್ ಹಸಿರು ಪರದೆಯ ನೆರಳಲ್ಲಿ ಕೈಕಟ್ಟಿ ನಿಂತಿದ್ದ. ವಯಸ್ಸು ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ. ಕಾಲಲ್ಲಿ ಮಾತ್ರ ಕೆಸರಿನ ಚಪ್ಪಲಿ.

"ಹೌದ್ರಿ ಸಾರ್. ಬೀಜ ಹೊರಗಿಂದ ತರಿಸಿದ್ದು. ಹೈಬ್ರಿಡ್ ಮಲ್ಬರಿ. ಬೆರಳುದ್ದ ಹಣ್ಣು ಬಿಡ್ತೈತಿ. ಇಂಥಾದ್ದು ಈ ಕಡೆ ಯಾರ ಹತ್ರಾನೂ ಇಲ್ಲ."

"ಬೀಜದ ಗಿಡಕ್ಕ ತಾಯಿಬೇರು ಇರ್ತೈತಿ. ಒಂದ ಬೇರು, ನೆಟ್ಟಗ ಕೆಳಕ್ಕ. ಇದಕ್ಕ ಎಲ್ಲೈತಿ, ತೋರಿಸ್ರಿ."

ಸುಭಾಷ್ ಬಗ್ಗಿ ನೋಡಿದ. ನೋಡಿದಂತೆ ಮಾಡಿದ ಅಂದರೂ ಸರಿ.

ಗಾಳೆಪ್ಪ ಹೆಬ್ಬೆರಳಿನಿಂದ ಕಾಂಡದ ತುದಿಯ ಮಣ್ಣು ಒರೆಸಿದ. ಪೆನ್ಸಿಲ್ ದಪ್ಪದ ಕಾಂಡ ಕೆಳಗೆ ಓರೆಯಾಗಿ, ಚೂಪಾಗಿ ಮುಗಿದಿತ್ತು. ಬೇರೆಲ್ಲ ಅದರ ಪಕ್ಕೆಯಿಂದ ಒಡೆದಿತ್ತು.

"ಇದು ಕಡ್ಡಿ. ಬಲಿತ ಟೊಂಗಿಯಿಂದ ಓರಿಯಾಗಿ ಕೊಯ್ದು ನೆಟ್ಟ ಕಡ್ಡಿ. ಬೇರು ನೋಡಿದ್ರ ನೆಟ್ಟು ನಲವತ್ತು ದಿನ ಆಗಿರಬೇಕು. ಹೆಚ್ಚಂದ್ರ ನಲವತ್ತೈದು."

"ಚಾಂದಸಾಬ್ ಸತ್ತು ಇವತ್ತಿಗೆ ನಲವತ್ತೊಂದು," ಎಂದಳು ಇನ್‌ಸ್ಪೆಕ್ಟರ್ ಪೂಜಿತಾ. ಯಾರಿಗೆ ಹೇಳಿದಳೆಂದು ಗೊತ್ತಾಗದಂತೆ, ಸಾಲಾಗಿ ಇಟ್ಟ ಚೀಲಗಳನ್ನು ನೋಡುತ್ತ.

ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ತನ್ನ ಹಿತ್ತಲಲ್ಲೇ ತಲೆಗೆ ಎರಡು ಏಟು ಬಿದ್ದು ಸತ್ತಿದ್ದ ಚಾಂದಸಾಬ ಒಂದು ಕಾಲದ ಕಟಿಂಗ್ ಮಾಸ್ಟರ್. ಹನ್ನೊಂದು ವರ್ಷ ಹೂವಿಗೆ ಹೂವು ಕೂಡಿಸಿ ಅವನು ಎಬ್ಬಿಸಿದ್ದ ಇಪ್ಪತ್ತೇಳನೇ ನಂಬರಿನ ಹಿಪ್ಪುನೇರಳೆ ಗಿಡವನ್ನೂ ಅವತ್ತೇ ಯಾರೋ ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದ್ದರು. ಪಕ್ಕದ ಮನೆಯ ಎರ್ರಣ್ಣ ಕೊಲೆಯ ಆರೋಪದ ಮೇಲೆ ಜೈಲಿನಲ್ಲಿದ್ದ.

ಎರ್ರಣ್ಣನನ್ನು ಹಿಡಿದು ಜೀಪು ಹತ್ತಿಸಿದವನು ಎ.ಎಸ್.ಐ. ಗಾಳೆಪ್ಪನೇ.

"ಸುಭಾಷ್," ಎಂದ ಗಾಳೆಪ್ಪ, "ಆ ಗೂಟಕ್ಕ ಸುತ್ತಿಟ್ಟೀರಲ್ಲ, ಆ ದಾರ ಯಾವುದದು?"

ಗೂಟದ ಮೇಲೆ ಹಳದಿ ದಾರದ ಸಿಂಬಿ ನೇತಾಡುತ್ತಿತ್ತು. ಹೊಳೆಯುವ, ದಪ್ಪನೆಯ ದಾರ. ಜೀನ್ಸ್ ಪ್ಯಾಂಟಿನ ಜೇಬಿನ ಅಂಚಿಗೆ ಎರಡು ಸಾಲು ಹೊಲಿಗೆ ಹಾಕುವಂಥದ್ದು.

ಸುಭಾಷ್ ದಾರದ ಕಡೆ ನೋಡಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ.

"ಕುರುಗೋಡಿನ ಟೀಚರಮ್ಮ ತಂದಿದ್ರು ಸಾರ್. ವಿಜಯಲಕ್ಷ್ಮಿ ಅಂತ. ರಿಟೈರ್ ಆಗ್ಯಾರ. ಅರವತ್ತು ಕಡ್ಡಿ, ಮೂರು ಕಟ್ಟು. ನನ್ನ ಮನ್ಯಾಗ ನೆರಳಿನ ಪರದಿ ಇಲ್ಲಪ್ಪ, ಬೇರು ಬಿಡಿಸಿ ಕೊಡು, ಅರ್ಧ ನೀನ ಇಟ್ಕೋ ಅಂದ್ರು."

"ಯಾವತ್ತು?"

ಸುಭಾಷ್ ಫೋನು ತೆಗೆದು ಬೆರಳಿನಿಂದ ಬಹಳ ಹೊತ್ತು ಸರಿಸಿದ. ಕೊನೆಗೆ ಒಂದು ಫೋಟೊ ತೋರಿಸಿದ. ಮೇಜಿನ ಮೇಲೆ ಮೂರು ಕಟ್ಟು ಕಡ್ಡಿ, ಬುಡಕ್ಕೆ ಒದ್ದೆ ಬಿಳಿ ಬಟ್ಟೆ, ನಡುವಿಗೆ ಹಳದಿ ದಾರ. ಅಂಚಿನಲ್ಲಿ ವಾಚು ಕಟ್ಟಿದ ಹೆಂಗಸಿನ ಕೈ.

ನಲವತ್ತೊಂದು ದಿನದ ಹಿಂದಿನ ಗುರುವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.

ಚಾಂದಸಾಬನ ಜೀವ ಹೋದದ್ದು ಅದೇ ಗುರುವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಒಳಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

"ಮತ್ತ ಬೀಜದ್ದು ಅಂತ ಯಾಕ ಹೇಳಿದ್ರಿ?"

"ಪೇಪರಿನ್ಯಾಗ ಓದಿದ್ದೆ ಸಾರ್. ಚಾಂದಸಾಬ್ರ ಕೊಲಿ, ಅವರ ಗಿಡ ಕಡದ ಸುದ್ದಿ. ಹೆದರಿಕಿ ಆತು."

"ಪೇಪರ್ ಓದಿ ಹೆದರಿದಾಂವ ಗಿಡ ಮುಚ್ಚಿಡಬೇಕಿತ್ತು. ನೀನು ಬೋರ್ಡ್ ಹಾಕಿ ಮಾರಾಕ ಕುಂತೀದಿ," ಎಂದಳು ಪೂಜಿತಾ.

ಸುಭಾಷ್ ಫೋನನ್ನು ಜೇಬಿಗಿಳಿಸಿದ. ಗಿಡಗಳಿಗೆ ಮಂಜಿನಂತೆ ನೀರು ಹಾಯಿಸುವ ಮೋಟಾರು ಅಷ್ಟರಲ್ಲಿ ತನ್ನಷ್ಟಕ್ಕೆ ಶುರುವಾಯಿತು.

*

ಜೀಪು ಪೂಜಿತಾಳೇ ಓಡಿಸುತ್ತಿದ್ದಳು. ಡ್ರೈವರನನ್ನು ಬಿಟ್ಟು ಬಂದಿದ್ದರು. ಈ ಕೇಸನ್ನು ಮತ್ತೆ ಕೆದಕುತ್ತಿರುವುದು ಠಾಣೆಯಲ್ಲಿ ಎಷ್ಟು ಕಡಿಮೆ ಜನಕ್ಕೆ ಗೊತ್ತಿದ್ದರೆ ಅಷ್ಟು ಒಳ್ಳೆಯದು ಎಂಬುದು ಅವಳ ಲೆಕ್ಕ. ಸಿರುಗುಪ್ಪಕ್ಕೆ ಹೋಗಿ ಬರುತ್ತೇವೆ ಎಂದಷ್ಟೇ ಡೈರಿಯಲ್ಲಿ ಬರೆದಿದ್ದರು.

ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಣಗಳಲ್ಲಿ ಮೆಣಸಿನಕಾಯಿ ಹರಡಿದ್ದರು. ಗಾಳಿಗೆ ಘಾಟು. ಗಾಳೆಪ್ಪ ಕಿಟಕಿಯ ಗಾಜು ಏರಿಸಿದ.

ಪೂಜಿತಾ ಈ ಠಾಣೆಗೆ ಬಂದು ಹದಿನಾರು ದಿನವಾಗಿತ್ತು. ಬಂದ ಮೂರನೇ ದಿನ ಎರ್ರಣ್ಣನ ಕೇಸಿನ ಕಟ್ಟು ಬಿಚ್ಚಿ, ಕತ್ತರಿಸಿದ ಗಿಡದ ಫೋಟೊ ಮೇಲೆ ಬೆರಳಿಟ್ಟು, "ಇವು ಏನು ಬಿಳಿ ಚುಕ್ಕಿ?" ಎಂದು ಕೇಳಿದ್ದಳು.

"ಹಕ್ಕಿ ಹಿಕ್ಕಿ ಇರಬೇಕ್ರಿ," ಎಂದಿದ್ದ ಗಾಳೆಪ್ಪ.

"ಹೋಗಿ ನೋಡ್ಕೊಂಡು ಬರ್ರಿ."

ಹೋಗಿ ನೋಡಿದ. ಹಿಕ್ಕೆಯಲ್ಲ, ಮೇಣ. ಕತ್ತರಿಸಿದ ಪ್ರತಿ ತುದಿಯ ಮೇಲೂ ಮೋಂಬತ್ತಿಯ ಮೇಣವನ್ನು ಹನಿಹನಿಯಾಗಿ ಬಿಟ್ಟು ಮುಚ್ಚಿದ್ದರು. ಹದಿನಾಲ್ಕು ತುದಿ, ಹದಿನಾಲ್ಕಕ್ಕೂ.

ರಾರಾವಿಯ ಹೊಲದಲ್ಲಿ ಹುಟ್ಟಿ ಬೆಳೆದ ಗಾಳೆಪ್ಪನಿಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ. ಗಿಡದ ಗಾಯದಿಂದ ರಸ ಸೋರಿ ಒಣಗದಿರಲಿ, ಹುಳ ಸೇರದಿರಲಿ ಎಂದು ಮಾಡುವ ಆರೈಕೆ ಅದು. ಸಿಟ್ಟಿನಲ್ಲಿ ಗಿಡ ಕಡಿಯುವವನು ಅದರ ಗಾಯ ಮುಚ್ಚುತ್ತ ಕೂರುವುದಿಲ್ಲ.

ಎರ್ರಣ್ಣನ ಸಿಟ್ಟು ಓಣಿಗೆಲ್ಲ ಗೊತ್ತಿದ್ದದ್ದೇ. ಅವನದು ಜೀನ್ಸ್ ತೊಳೆದು ಒಣಗಿಸಿ ಕೊಡುವ ದಂಧೆ. ಇಪ್ಪತ್ತೇಳನೇ ಗಿಡ ನೆಟ್ಟ ವರ್ಷಕ್ಕೇ ಗೋಡೆ ದಾಟಿ ಅವನ ಮಾಳಿಗೆಗೆ ಚಾಚಿತ್ತು. ಹಕ್ಕಿಗಳು ಹಣ್ಣು ತಿಂದು ಒಣಗಲು ಹಾಕಿದ ತಿಳಿನೀಲಿ ಪ್ಯಾಂಟುಗಳ ಮೇಲೆ ನೇರಳೆ ಬಣ್ಣದ ಹಿಕ್ಕೆ ಹಾಕುತ್ತಿದ್ದವು. ಆ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. "ಗಿಡಾನೂ ಕಡಿತೀನಿ, ನಿನ್ನೂ ಕಡಿತೀನಿ" ಎಂದು ಅವನು ಕೂಗಿದ್ದನ್ನು ಆರು ಜನ ಕೇಳಿದ್ದರು. ಗಾಳೆಪ್ಪ ಆ ಆರು ಜನರ ಹೇಳಿಕೆ ಬರೆದುಕೊಂಡ. ಒಂದೇ ದಿನದಲ್ಲಿ ಕೆಲಸ ಮುಗಿದಿತ್ತು.

"ನಿಮ್ಮೊಬ್ರ ತಪ್ಪಲ್ಲ," ಎಂದಳು ಪೂಜಿತಾ, ರಸ್ತೆ ನೋಡುತ್ತಲೇ. "ಸಹಿ ಮಾಡಿದವರು ಮೂರು ಮಂದಿ ಅದಾರ."

"ಬರದಾಂವ ನಾನು ಮೇಡಂ."

ಅವಳು ಗೇರು ಬದಲಿಸಿದಳು.

ಗಾಳೆಪ್ಪನಿಗೆ ಕಣ್ಣ ಮುಂದೆ ಬರುತ್ತಿದ್ದದ್ದು ಎರ್ರಣ್ಣನಲ್ಲ, ಅವನ ಹೆಂಡತಿ ಪಾರಮ್ಮ. ವಾರಕ್ಕೆರಡು ಸಲ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅಳುತ್ತಿರಲಿಲ್ಲ. "ಏನಾರ ಗೊತ್ತಾತೇನ್ರಿ ಸಾಹೇಬ್ರ?" ಎಂದು ಕೇಳಿ, ಇಲ್ಲ ಅಂದರೆ ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು.

ಓಣಿಯವರಿಗೆ ಸೋಜಿಗವಾದದ್ದು ಇನ್ನೊಂದು. ಚಾಂದಸಾಬನ ಹೆಂಡತಿ ಕುಬ್ರಾಬಿಗೆ ಕಣ್ಣು ಮಂಜು. ಒಬ್ಬಳೇ ಇರುವುದು ಕಷ್ಟ ಎಂದು ಪಾರಮ್ಮ ಅವಳ ಮನೆಯಲ್ಲೇ ಇರತೊಡಗಿದ್ದಳು. ಇಬ್ಬರೂ ಸೇರಿ ಆ ಮೋಟು ಗಿಡಕ್ಕೆ ನೀರು ಹಾಕುತ್ತಿದ್ದರು. "ಎರ್ರಣ್ಣ ಬೈತಾನಪ್ಪ, ಕೈ ಎತ್ತಾಂವಲ್ಲ," ಎಂದು ಕುಬ್ರಾಬಿ ಮೊದಲ ದಿನದಿಂದ ಹೇಳುತ್ತ ಬಂದಿದ್ದಳು. ಯಾರೂ ಅದನ್ನು ಬರೆದುಕೊಂಡಿರಲಿಲ್ಲ.

ಮೋಟು ಗಿಡ ಈಗ ಮೋಟಾಗಿ ಉಳಿದಿರಲಿಲ್ಲ. ನಲವತ್ತು ದಿನದಲ್ಲಿ ಗಾಳೆಪ್ಪನ ಎದೆಯ ಮಟ್ಟಕ್ಕೆ ಚಿಗುರು ಎದ್ದಿತ್ತು. ಎಲೆಯ ಕಂಕುಳಲ್ಲೆಲ್ಲ ಹಸಿರು, ಕೆಂಪು ಕಾಯಿ. ಅಂಥ ಹುರುಪಿನ ಗಿಡವನ್ನು ಅವನು ಎಲ್ಲೂ ನೋಡಿರಲಿಲ್ಲ.

"ಮೇಣ ಹಾಕಿದವರಿಗೆ ಆ ಗಿಡ ಬೇಕಿತ್ತು," ಎಂದಳು ಪೂಜಿತಾ. "ಸಾಯೋದು ಬ್ಯಾಡಾಗಿತ್ತು. ಕಡ್ಡಿನೂ ಬೇಕಿತ್ತು."

"ಟೀಚರಮ್ಮಗ ಎರಡೂ ಬೇಕಿರಬಹುದು."

ಜೀಪು ಕುರುಗೋಡಿನ ಕಡೆ ತಿರುಗಿತು.

*

ಮನೆ ಗುಡ್ಡದ ಬುಡದಲ್ಲಿತ್ತು. ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ಮುಂದೆ ಕಲ್ಲು ಚಪ್ಪಡಿ ನಿಲ್ಲಿಸಿದ ಬೇಲಿ. ಬೇಲಿಯೊಳಗೆ ಅರವತ್ತೈದರ ಹೆಂಗಸೊಬ್ಬರು ಪೈಪು ಹಿಡಿದು ಪಾತಿಗೆ ನೀರು ಬಿಡುತ್ತಿದ್ದರು. ಕಾಟನ್ ಸೀರೆ, ಎಡಗೈಯಲ್ಲಿ ವಾಚು.

ಪೊಲೀಸ್ ಜೀಪು ನೋಡಿ ಅವರು ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡರು.

"ಬರ್ರಿ. ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ತಡ ಆಗ್ತೈತಿ ಅಂತ ಗೊತ್ತಿರಲಿಲ್ಲ."

ವಿಜಯಲಕ್ಷ್ಮಿ ಟೀಚರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಎದುರಿಗೆ ಕೂತವರು ಯಾರೇ ಆದರೂ ಹಿಂದಿನ ಬೆಂಚಿಗೂ ಕೇಳುವಂತೆ ಮಾತಾಡುವ ರೂಢಿ ಹೋಗಿರಲಿಲ್ಲ. ಒಳಗಿಂದ ಎರಡು ಕುರ್ಚಿ ತಂದು ಹಾಕಿದರು. ತಾವು ಪಾತಿಯ ಕಟ್ಟೆಯ ಮೇಲೆ ಕೂತರು.

ಹಿತ್ತಲಿನಲ್ಲಿ ಒಂದೇ ಒಂದು ದೊಡ್ಡ ಹಿಪ್ಪುನೇರಳೆ ಮರವಿತ್ತು. ಗಾಳೆಪ್ಪ ಅದರ ಕೆಳಗೆ ಹೋಗಿ ಟೊಂಗೆ ಬಗ್ಗಿಸಿ ನೋಡಿದ. ಹಣ್ಣಿರಲಿಲ್ಲ. ಮೆತ್ತನೆಯ ತೆನೆಗಳು ಜೋತಾಡುತ್ತಿದ್ದವು. ಮುಟ್ಟಿದರೆ ಬೆರಳಿಗೆ ಹಳದಿ ಪುಡಿ.

"ಅದು ಗಂಡು ಗಿಡ," ಎಂದರು ಟೀಚರು. "ಹಣ್ಣು ಬಿಡಂಗಿಲ್ಲ. ಎಷ್ಟ ಬಿಸಲಿರಲಿ, ಉಪ್ಪು ನೀರಿರಲಿ, ತಡಕೊಂಡು ನಿಲ್ತೈತಿ. ಚಾಂದಸಾಬ್ರ ಹತ್ರ ಉದ್ದ ಹಣ್ಣಿನ ಹೆಣ್ಣು ಗಿಡ ಇತ್ತು. ಬಲು ನಾಜೂಕು. ಬಿಸಲಿಗೆ ಎಲಿ ಸುಡ್ತಿತ್ತು. ಎರಡನ್ನೂ ಕೂಡಿಸಬೇಕು ಅಂತ ಹೇಳಿದವಳು ನಾನು."

"ಹೆಂಗ ಕೂಡಿಸಿದ್ರಿ?"

"ಹೆಣ್ಣು ಹೂವು ಅರಳೋಕ್ಕಿಂತ ಮೊದಲ ಟೊಂಗಿಗೆ ಚೀಲ ಕಟ್ಟತಿದ್ರು. ಪ್ಯಾಂಟಿನ ಜೇಬಿನ ಒಳಗ ಬಿಳಿ ಅರಿವಿ ಇರ್ತೈತಲ್ಲ, ಅದರದ್ದು. ಬ್ಯಾರೆ ಗಿಡದ ಪುಡಿ ಗಾಳಿಗೆ ಬಂದು ಬೀಳಬಾರದು. ಇಲ್ಲಿಂದ ಪುಡಿ ಒಯ್ದು, ಚೀಲ ಬಿಚ್ಚಿ, ಹಚ್ಚಿ, ಮತ್ತ ಕಟ್ಟೋದು. ಹಣ್ಣು ಆದ ಮ್ಯಾಲ ಬೀಜ ತಗದು ಹಾಕೋದು. ಮುನ್ನೂರಕ್ಕೂ ಮಿಕ್ಕಿ ಸಸಿ ಎಬ್ಬಿಸಿದ್ವಿ. ಕೆಲವು ಹುಳಿ, ಕೆಲವು ಹಣ್ಣ ಬಿಡದ ಗಂಡು. ಚೊಲೋ ಅನ್ನಿಸಿದ್ದಕ್ಕ ಮಾತ್ರ ಅವರು ಜೀನ್ಸ್ ಬಟ್ಟಿ ಮ್ಯಾಲ ನಂಬರ್ ಹೊಲದು ಕಟ್ಟತಿದ್ರು. ಇಪ್ಪತ್ತೇಳನೇದು ಬಂದಾಗ ಇಬ್ರೂ ಏನೂ ಮಾತಾಡಲಿಲ್ಲ. ಅದರ ಎಲಿ ನೋಡಿದ್ರ ಸಾಕಿತ್ತು."

"ಚಾಂದಸಾಬ್ರು ಇದ್ದಾಗ ಈ ಗಿಡದ ಬಗ್ಗೆ ಪೇಪರಿನ್ಯಾಗ ಬಂದ ಸುದ್ದಿಯೊಳಗ ನಿಮ್ಮ ಹೆಸರಿಲ್ಲ," ಎಂದಳು ಪೂಜಿತಾ.

ಟೀಚರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಇಲ್ಲ."

"ಸಿಟ್ಟು ಬಂದಿತ್ತು?"

"ಬಂದಿತ್ತು. ಸುದ್ದಿ ಬಂದ ದಿನ ಫೋನ್ ಮಾಡಿ ಏನ ಅನ್ನಬಾರದೋ ಅದನ್ನೂ ಅಂದೆ. ನನ್ನ ಗಂಡು ಗಿಡ ಇಲ್ಲದಿದ್ರ ನಿಮ್ಮ ಇಪ್ಪತ್ತೇಳು ಎಲ್ಲಿಂದ ಬರ್ತಿತ್ತು ಅಂದೆ. ಕಡ್ಡಿ ಕೊಡ್ರಿ ಅಂದೆ. ಅವರು, ಮೊದಲ ಗಿಡಕ್ಕ ಇಬ್ರೂ ಕೂಡಿ ಒಂದು ಹೆಸರಿಡೋಣ, ಆಮ್ಯಾಲ ಒಯ್ಯಿರಿ ಅಂದ್ರು. ನನಗ ಅದು ನೆವ ಅನ್ನಿಸ್ತು. ಎರಡು ತಿಂಗಳು ಮಾತು ಬಿಟ್ಟೆ."

"ಎರಡು ತಿಂಗಳಾದ ಮ್ಯಾಲ ಅವರು ಸತ್ತ ದಿನಾನ ಕಡ್ಡಿ ತಂದ್ರಿ," ಎಂದ ಗಾಳೆಪ್ಪ.

"ಹೌದು."

"ಯಾರೂ ಕೇಳೋತನಕ ಹೇಳಲಿಲ್ಲ."

"ಇಲ್ಲ."

"ಅಲ್ಲಿ ಜೈಲಿನ್ಯಾಗ ಒಬ್ಬಾಂವ ಕುಂತಾನ ಟೀಚರ್."

ವಿಜಯಲಕ್ಷ್ಮಿ ಟೀಚರು ಸೀರೆಯ ಅಂಚಿಗೆ ಹತ್ತಿದ್ದ ಕೆಸರನ್ನು ಉಗುರಿನಿಂದ ಕೆರೆದರು. 

"ಶುಕ್ರವಾರ ಬೆಳಿಗ್ಗೆ ಹೆಣ ಸಿಕ್ತು ಅಂತ ಪೇಪರಿನ್ಯಾಗ ಬಂತು. ರಾತ್ರಿ ಆಗಿರಬೇಕು ಅಂದುಕೊಂಡೆ. ನಾನು ಬಂದು ಹೋದ ಮ್ಯಾಲ ಎಷ್ಟೋ ಹೊತ್ತಿಗೆ. ಮುಂದ ಎರ್ರಣ್ಣನ್ನ ಹಿಡದ್ರು ಅಂತ ಬಂತು. ಪೊಲೀಸರಿಗೆ ಗೊತ್ತಿರ್ತೈತಿ ಅಂದುಕೊಂಡೆ. ನಾ ಹೋಗಿ ಹೇಳಿದ್ರ, ಸತ್ತವರ ಮನಿಯಿಂದ ಗಿಡ ಎತ್ತಿಕೊಂಡು ಬಂದ ಟೀಚರು ಅಂತ ಊರು ಅನ್ನುತ್ತಿತ್ತು. ಅದಕ್ಕ ಅಂಜಿದೆ. ತಪ್ಪಂತ ಗೊತ್ತೈತಿ."

"ಆ ದಿನ ನೀವ ಹೋದ್ರೋ, ಅವರು ಕರದ್ರೋ?" ಪೂಜಿತಾ ಕೇಳಿದಳು.

ಟೀಚರು ಎದ್ದು ಒಳಗೆ ಹೋಗಿ ಫೋನು ತಂದರು. ಚಾಂದಸಾಬನ ಹೆಸರು ತೆಗೆದು ಗಾಳೆಪ್ಪನ ಕೈಗೆ ಕೊಟ್ಟರು.

ಮೇಲಿಂದ ಕೆಳಗೆ ಉದ್ದಕ್ಕೆ ಧ್ವನಿಯ ಸಂದೇಶಗಳೇ. ಗಾಳೆಪ್ಪ ಒಂದನ್ನು ಒತ್ತಿದ. ಸತ್ತವನ ದನಿ ಹಿತ್ತಲಲ್ಲಿ ಕೇಳಿಸಿತು: "ಸಲಾಂ ಟೀಚರ್. ಹತ್ತೊಂಬತ್ತನೇ ನಂಬರಿಗೆ ಬಿಳಿ ಹುಳ ಬಿದ್ದೈತಿ. ಬೇವಿನೆಣ್ಣಿ ಹೊಡದೀನಿ. ನೀವು ಕಾಲು ನೋವು ಅಂದಿದ್ರಿ, ಹೆಂಗೈತಿ?"

ಟೀಚರು ಮುಖ ತಿರುಗಿಸಿ ಗುಡ್ಡದ ಕಡೆ ನೋಡಿದರು.

ಕೊನೆಯ ಸಂದೇಶ ಮಾತ್ರ ಧ್ವನಿಯಲ್ಲ. ಆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದ ಒಂದು ಸಾಲು, ಶುದ್ಧ ಕನ್ನಡದಲ್ಲಿ ಟೈಪ್ ಮಾಡಿದ್ದು: ಕಡ್ಡಿ ಕಟ್ಟಿ ಇಟ್ಟಿದ್ದೇನೆ, ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದು ತೆಗೆದುಕೊಂಡು ಹೋಗಿ.

ಗಾಳೆಪ್ಪ ಅದನ್ನು ಎರಡು ಸಲ ಓದಿದ. ಪೂಜಿತಾಗೆ ತೋರಿಸಿದ.

"ಚಾಂದಸಾಬ್ರಿಗೆ ಕನ್ನಡ ಬರಿಯಾಕ ಬರ್ತಿತ್ತೇನು?"

"ಓದಾಕ ಅಷ್ಟಿಷ್ಟು. ಬರಿಯಾಕ ಬರ್ತಿರಲಿಲ್ಲ. ಉರ್ದು ಬರೀತಿದ್ರು. ಹನ್ನೊಂದು ವರ್ಷದಾಗ ಒಂದಕ್ಷರ ನನಗ ಬರದು ಕಳಿಸಿದವರಲ್ಲ."

"ಇದು ಬಂದಾಗ ಅನುಮಾನ ಬರಲಿಲ್ಲ?"

"ಯಾರ ಕೈಲಾದ್ರೂ ಬರಿಸಿರಬೇಕು ಅಂದುಕೊಂಡೆ. ಸಿಟ್ಟು ಹೋಗಿರಲಿಕ್ಕಿಲ್ಲ, ದನಿ ಕೇಳಿಸಬಾರದು ಅಂತ ಹಿಂಗ ಮಾಡ್ಯಾರ ಅಂದುಕೊಂಡೆ." ಮತ್ತೆ ಸೇರಿಸಿದರು: "ಕಡ್ಡಿ ಸಿಗ್ತೈತಿ ಅನ್ನೋದಷ್ಟ ತಲ್ಯಾಗಿತ್ತು. ಖರೆ ಹೇಳಬೇಕಂದ್ರ."

ಚಾಂದಸಾಬನ ಫೋನು ಮರುದಿನ ನೀರಿನ ತೊಟ್ಟಿಯಲ್ಲಿ ಸಿಕ್ಕಿತ್ತು. ಬಿದ್ದಾಗ ಕೈಯಿಂದ ಜಾರಿದ್ದು ಎಂದು ಗಾಳೆಪ್ಪನೇ ಬರೆದಿದ್ದ.

"ಎರಡಕ್ಕ ಹೋದ್ರಿ. ಚಾಂದಸಾಬ್ರನ್ನ ನೋಡಿದ್ರಾ?"

"ಇಲ್ಲ. ಅವರ ಮನಿಯಾಕಿ ಬಾಗಿಲಾ ತಗದ್ರು."

ಪೂಜಿತಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಗಾಳೆಪ್ಪ ಫೋನನ್ನು ಕಟ್ಟೆಯ ಮೇಲಿಟ್ಟ.

"ಕುಬ್ರಾಬಿ?"

"ಹೌದು. ಕಟ್ಟು ತಯಾರ ಇಟ್ಟಿದ್ರು. ಸಾಹೇಬ್ರು ಮಲಗ್ಯಾರ, ಎಬ್ಬಿಸಬ್ಯಾಡ್ರಿ ಅಂದ್ರು. ಒಳಗ ಕರೀಲಿಲ್ಲ. ಕರೆದಿದ್ರೂ ಹೋಗ್ತಿರಲಿಲ್ಲ. ಕಟ್ಟು ಕೊಡೋ ಮುಂದ ಅವರ ಬೆರಳಿಗೆ ಮೇಣ ಅಂಟಿತ್ತು. ಕಡ್ಡಿ ಕೊಯ್ದು ತುದಿ ಮುಚ್ಚಿರಬೇಕು, ಅಷ್ಟು ಕಾಳಜಿ ಮಾಡ್ಯಾರಲ್ಲ ಅಂತ ಸಮಾಧಾನ ಆತು. ಐದು ನಿಮಿಷಾನೂ ಆಗಿರಲಿಕ್ಕಿಲ್ಲ. ಸಿರುಗುಪ್ಪದ ಬಸ್ ಹಿಡದೆ. ಬಿಸಲಾಗ ಕಡ್ಡಿ ಒಣಗ್ತಾವು ಅಂತ ನೇರ ಸುಭಾಷನ ಹತ್ರ ಒಯ್ದೆ."

ಗಾಳೆಪ್ಪ ಪೂಜಿತಾಳ ಮುಖ ನೋಡಿದ. ಅವಳಿಗೂ ಗೊತ್ತಿತ್ತು. ಆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಕುಬ್ರಾಬಿ ಸಿರುಗುಪ್ಪದಲ್ಲಿ ಮಗಳು ಆಸ್ಫಿಯಾಳ ಜೊತೆ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದಳು; ಮನೆಗೆ ಮರಳಿದ್ದು ಮರುದಿನ ಬೆಳಿಗ್ಗೆ. ಡಾಕ್ಟರ ಚೀಟಿ, ಹೊತ್ತು ಸಮೇತ, ಫೈಲಿನಲ್ಲಿತ್ತು. ಈ ಕೇಸಿನಲ್ಲಿ ಗಾಳೆಪ್ಪ ಸರಿಯಾಗಿ ವಿಚಾರಿಸಿದ್ದು ಅದೊಂದನ್ನೇ.

"ಕುಬ್ರಾಬಿಯವರನ್ನ ಮೊದಲ ನೋಡಿದ್ರೇನು ಟೀಚರ್?"

"ಇಲ್ಲ. ಪುಡಿ ಒಯ್ಯಾಕ ಚಾಂದಸಾಬ್ರ ಇಲ್ಲಿಗೆ ಬರ್ತಿದ್ರು. ನಾನು ಅವರ ಮನಿಗೆ ಹೋಗಿದ್ದು ಅದೊಂದ ಸಲ."

"ಮತ್ತ ಆಕಿನ ಕುಬ್ರಾಬಿ ಅಂತ ಹೆಂಗ ಗೊತ್ತಾತು?"

"ಕುಬ್ರಾಬಿಯವರೇನ್ರಿ ಅಂತ ಕೇಳಿದೆ. ತಲಿ ಮ್ಯಾಲ ಸೆರಗಿತ್ತು. ಹೂಂ ಅಂದ್ರು."

ಗಾಳೆಪ್ಪ ತನ್ನ ಫೋನು ತೆಗೆದ. ಹೋದ ವಾರ ಚಿಗುರಿದ ಗಿಡದ ಫೋಟೊ ತೆಗೆದಿದ್ದ. ಗಿಡದ ಪಕ್ಕ ಕುಬ್ರಾಬಿ ನಿಂತಿದ್ದಳು, ಕೈಯಲ್ಲಿ ನಾಲ್ಕು ಹಣ್ಣು, ಮುಖದ ಮೇಲೆ ಕಪ್ಪು ಕನ್ನಡಕ. ಅದನ್ನು ಟೀಚರ ಮುಂದೆ ಹಿಡಿದ.

ಅವರು ಕನ್ನಡಕ ಹಾಕಿಕೊಂಡ ಮೇಲೆ ಮೊದಲು ನೋಡಿದ್ದು ಗಿಡವನ್ನು. "ಇಷ್ಟು ಎದ್ದೈತಾ," ಎಂದರು ಮೆಲ್ಲಗೆ. ಆಮೇಲೆ ಕುಬ್ರಾಬಿಯ ಮುಖ.

"ಇವರಲ್ಲ."

"ಸರಿಯಾಗಿ ನೋಡ್ರಿ. ಕಣ್ಣಿಗೆ ಕನ್ನಡಕ ಐತಿ."

"ಇವರಲ್ಲಪ್ಪ. ಅವರು ಎತ್ತರ. ವಯಸ್ಸೂ ಕಡಿಮಿ."

ಟೀಚರು ಫೋನನ್ನು ಕೈಗೆ ತೆಗೆದುಕೊಂಡರು. ಎರಡು ಬೆರಳಿನಿಂದ ಫೋಟೊ ದೊಡ್ಡದು ಮಾಡಿದರು. ಗಿಡದ ಎಡಕ್ಕೆ ಸರಿಸಿದರು, ಇನ್ನೂ ಸರಿಸಿದರು. ಹಿಂದುಗಡೆ ನೀರಿನ ತೊಟ್ಟಿಯ ಹತ್ತಿರ ಅರ್ಧ ನೆರಳಲ್ಲಿ, ಕೊಡ ಹಿಡಿದು ಇನ್ನೊಬ್ಬಳು ನಿಂತಿದ್ದಳು. ಫೋಟೊ ತೆಗೆಯುವಾಗ ಗಾಳೆಪ್ಪ ಅವಳನ್ನು ಗಮನಿಸಿರಲೂ ಇಲ್ಲ.

"ಬಾಗಿಲಾ ತಗದಾಕಿ ಈಕಿ."

ಅದು ಪಾರಮ್ಮ.

 ಪೈಪಿನ ತುದಿಯಿಂದ ಉಳಿದ ನೀರು ಪಾತಿಗೆ ತೊಟ್ಟಿಕ್ಕುತ್ತಿತ್ತು. ಗಾಳೆಪ್ಪನಿಗೆ ಠಾಣೆಯ ಬೆಂಚು, ಅದರ ತುದಿಯಲ್ಲಿ ಕೂತ ಹೆಂಗಸು, ಅವಳು ಒಂದೇ ರೀತಿ ಕೇಳುತ್ತಿದ್ದ ಆ ಒಂದೇ ಪ್ರಶ್ನೆ ನೆನಪಾಯಿತು. ಗಂಡನನ್ನು ಬಿಡಿ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಏನಾದರೂ ಗೊತ್ತಾಯಿತೇ ಎಂದು ಮಾತ್ರ ಕೇಳಿದ್ದಳು.

"ಖಾತ್ರಿ ಐತಾ?" ಎಂದಳು ಪೂಜಿತಾ.

"ಮೂವತ್ತೊಂದು ವರ್ಷ ಹಾಜರಿ ಕರೆದೀನಮ್ಮ. ಒಮ್ಮೆ ನೋಡಿದ ಮುಖ ಮರಿಯಂಗಿಲ್ಲ."

"ಕುಬ್ರಾಬಿ ಈಗ ಆಕಿ ಜೋಡಿನ ಅದಾಳ," ಎಂದ ಗಾಳೆಪ್ಪ ಎದ್ದು ನಿಂತು.

"ಫೋನ್ ಮಾಡ್ರಿ. ಏನೂ ತೋರಿಸಿಕೊಳ್ಳಬ್ಯಾಡ್ರಿ. ಸಂಜಿಗೆ ಬರ್ತೀವಿ ಅಂತ ಹೇಳಿ ಆಸ್ಫಿಯಾನ ಕರಿಸ್ರಿ. ನಾನು ಠಾಣೆಯಿಂದ ಇಬ್ರನ್ನ ಕಳಿಸ್ತೀನಿ." ಪೂಜಿತಾ ಆಗಲೇ ಬೇಲಿಯ ಹೊರಗೆ ಜೀಪಿನ ಕಡೆ ನಡೆದಿದ್ದಳು.

ಗಾಳೆಪ್ಪ ಕುಬ್ರಾಬಿಯ ನಂಬರು ಒತ್ತಿದ. ಆರು ಸಲ ರಿಂಗಾಯಿತು.

"ಹೇಳ್ರಿ ಸಾಹೇಬ್ರ."

ಕುಬ್ರಾಬಿಯ ದನಿಯಲ್ಲ.

"ಪಾರವ್ವನೇನು? ಕುಬ್ರಾಬಿ ಎಲ್ಲಿ?"

"ಹಿತ್ತಲಿನ್ಯಾಗ ಅದಾಳ್ರಿ. ಹಣ್ಣು ಬಿಡಿಸಾಕತ್ಯಾಳ. ಏನ್ ಹೇಳಬೇಕಿತ್ರಿ?"

"ಏನಿಲ್ಲ. ಒಂದು ಕಾಗದಕ್ಕ ಹೆಬ್ಬೆಟ್ಟು ಬೇಕಿತ್ತು. ಆಕಿ ಕೈಯಾಗ ಫೋನ್ ಕೊಡವ್ವ ಒಂದೀಟು."

ಆ ಕಡೆ ಬಾಗಿಲು ಎಳೆದ ಸದ್ದು ಕೇಳಿಸಿತು, ಆಮೇಲೆ ಚಿಲಕದ್ದು. ಕುಬ್ರಾಬಿ ದೂರದಲ್ಲಿ ಏನೋ ಕೇಳಿದಳು. ಯಾರೂ ಅವಳಿಗೆ ಉತ್ತರ ಕೊಡಲಿಲ್ಲ.

"ಪಾರವ್ವ?"

"ಅದೀನ್ರಿ." ಪಾರಮ್ಮನ ದನಿ ಏರಲಿಲ್ಲ, ಇಳಿಯಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಮಾತಾಡಿದಂತೆಯೇ ಇತ್ತು. "ಸಾಹೇಬ್ರ, ಕುರುಗೋಡಿನಿಂದ ಇಲ್ಲಿಗೆ ಬರಾಕ ನಿಮಗ ಒಂದು ತಾಸರ ಬೇಕಲ್ಲ?"